ಬಸ್ ಸ್ಟ್ಯಾಂಡಿನ ಕಡೆ ನೋಡುವ ಮನೆ

ಮನೆ ಕೊಳ್ಳಲು ಹೊರಟವರು ಯಾರೇ ಬಂದು ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು: ಹಿಂಬಾಗಿಲು ತೆಗೆಸಿ ನೋಡಿ. ತೊಲೆ ಆಮೇಲೆ, ಬಾವಿ ಆಮೇಲೆ, ಪತ್ರವೂ ಆಮೇಲೆ. ಹಿಂಬಾಗಿಲಿಗೆ ಮೂಟೆ ಒಟ್ಟಿದ್ದರೆ ಮೂಟೆ ಎತ್ತಿಸಿ, ಮಂಚ ಅಡ್ಡ ಇದ್ದರೆ ಮಂಚ ಸರಿಸಿ. ಪಾಪ, ಅವರಿಗೇಕೆ ತೊಂದರೆ ಎಂದು ನಾಚಿಕೊಂಡಿರೋ, ಕೆಟ್ಟಿರಿ. ಹಾಗೆ ನಾಚಿಕೊಂಡು ಕೆಟ್ಟವಳು ನಾನೇ. ಒಂದಲ್ಲ ಎರಡಲ್ಲ, ಹತ್ತೊಂಬತ್ತು ವರ್ಷ ಕೆಟ್ಟೆ.

ನಮ್ಮೂರಿನ ಮನೆಗಳು ತಿರುಗುತ್ತವೆ. ಬುಗುರಿಯ ಹಾಗೆ ಗಿರಗಿರನೆ ಏನಲ್ಲ, ವರ್ಷಕ್ಕೆ ಒಂದು ಬೆರಳು, ಎರಡು ಬೆರಳು; ಒಳಗಿರುವವರ ಮನಸ್ಸು ತೀರಾ ಜೋರಾಗಿದ್ದರೆ ಒಂದು ಗೇಣು. ಮನಸ್ಸು ಎತ್ತ ಎಳೆಯುತ್ತದೋ ಮುಂಬಾಗಿಲು ಅತ್ತ ಹೊರಳುತ್ತದೆ. ಅದಕ್ಕೇ ನಮ್ಮಲ್ಲಿ ಕಾಂಪೌಂಡು ಗೋಡೆಗಳನ್ನು ಗುಂಡಗೆ ಕಟ್ಟುತ್ತಿದ್ದರು, ಕರೆಂಟಿನ ವೈರನ್ನು ಎರಡು ಸುತ್ತು ಹೆಚ್ಚಿಗೆ ಬಿಡುತ್ತಿದ್ದರು, ಬಚ್ಚಲಿನ ಮೋರಿಯನ್ನು ಮನೆಯ ಸುತ್ತ ಬಳೆಯಂತೆ ತೋಡುತ್ತಿದ್ದರು. ಪತ್ರಗಳಲ್ಲಿ ಚಕ್ಕುಬಂದಿ ಬರೆಯುವಾಗ ಬಾಗಿಲನ್ನು ನಂಬದೆ ಬಾವಿಯನ್ನು ಗುರುತು ಹಿಡಿಯುತ್ತಿದ್ದರು, ಬಾವಿ ಎಲ್ಲಿಗೂ ಹೋಗುವುದಿಲ್ಲವಲ್ಲ. ಒಮ್ಮೆ ವಾಸ್ತು ಹೇಳುವವರೊಬ್ಬರು ನಮ್ಮೂರಿಗೆ ಬಂದು ಬೋರ್ಡು ಹಾಕಿದರು. ಪಾಪ, ಅವರಿಗೆ ಸಿಹಿಯ ಚಪಲ. ಅವರಿದ್ದ ಬಾಡಿಗೆ ಮನೆಯೇ ಮಿಠಾಯಿ ಅಂಗಡಿಯ ಕಡೆಗೆ, ಅಂದರೆ ಸೀದಾ ದಕ್ಷಿಣಕ್ಕೆ, ಹೊರಳತೊಡಗಿತು. ಬೋರ್ಡು ಕಿತ್ತುಕೊಂಡು ಹೊರಟುಹೋದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಮ್ಮೂರಲ್ಲಿ ಇವೆರಡಕ್ಕಿಂತ ಕಷ್ಟದ್ದು ಕಟ್ಟಿದ ಮನೆಯನ್ನು ಕೊಂಡು ನೋಡುವುದು. ಮನೆಗೆ ಬೇಕಾದ್ದು ಬಾಗಿಲಿನ ನೇರಕ್ಕೆ ಸಿಕ್ಕಿತೆಂದರೆ ಅಲ್ಲಿಗೆ ನಿಂತುಬಿಡುತ್ತದೆ. ಆ ಆಸೆ ತೀರುವ ತನಕ ಮಾಲೀಕ ಬದಲಾದರೂ ಅಲ್ಲಾಡುವುದಿಲ್ಲ. ಅದನ್ನು ಹಿಡಿದ ಮನೆ ಎನ್ನುತ್ತೇವೆ. ಹಿಡಿದ ಮನೆ ಕೊಂಡವರದು ಸ್ವಂತ ಮನೆಯಲ್ಲೇ ಬಾಡಿಗೆಗೆ ಇದ್ದ ಹಾಗಿನ ಬದುಕು. ಹಾಗಾಗಿ ಮಾರಾಟಕ್ಕೆ ಮುಂಚೆ ಮನೆ ನೋಡುವವರನ್ನು ಕರೆಸಲೇಬೇಕು. ಅವರು ಬೆಳಗಿನಿಂದ ಸಂಜೆಯ ತನಕ ಮನೆಯನ್ನೆಲ್ಲ ತಟ್ಟಿ, ಮುಟ್ಟಿ, ಅಳೆದು, ದೀಪ ಹಚ್ಚುವ ಮುಂಚೆ ಹೊಸ್ತಿಲ ಮೇಲೆ ನಿಂತು, ಕೊಡುವವರು ಕೊಳ್ಳುವವರು ಇಬ್ಬರೂ ಕೇಳುವಂತೆ ಕಂಡದ್ದನ್ನು ಗಟ್ಟಿಯಾಗಿ ಓದಬೇಕು. ಬೀದಿಯವರು ಬಂದು ಕೇಳಿದರೆ ಬೇಡ ಎನ್ನುವಂತಿಲ್ಲ. ಆ ಕೆಲಸ ನಮ್ಮಪ್ಪನದು, ಅಪ್ಪನ ನಂತರ ನನ್ನದು. ನನ್ನ ಹೆಸರು ಪುಟ್ಟತಾಯಿ. ಊರವರಿಗೆ ತಾಯಕ್ಕ. ಮದುವೆಯಾಗಲಿಲ್ಲ, ಏಕೆ ಎಂದು ಕೇಳಬೇಡಿ, ಅದು ಬೇರೆಯೇ ಕಥೆ.

ಅಪ್ಪ ಕಲಿಸಿದ್ದು ನಮಗಿಬ್ಬರಿಗೂ, ನನಗೂ ಹೊನ್ನಕ್ಕನಿಗೂ. ನನಗಿಂತ ಐದು ವರ್ಷ ದೊಡ್ಡವಳು ಅವಳು. ಎಂಥ ಕಣ್ಣು ಅವಳದು ಅಂತೀರಿ! ತೂಕದ ಗುಂಡು ಇಳಿಬಿಡುವ ಮೊದಲೇ ಗೋಡೆ ಎಷ್ಟು ವಾಲಿದೆ ಎಂದು ಹೇಳಿಬಿಡುತ್ತಿದ್ದಳು. ಹೊಸದಾಗಿ ಸುಣ್ಣ ಬಳಿದ ಗೋಡೆಯನ್ನು ಕಂಡರೆ ಸಾಕು, ಅಂಗೈ ಒತ್ತಿ, ಒಳಗೆ ತೇವವಿದೆ ಅಪ್ಪಾ, ಮುಚ್ಚಿಟ್ಟಿದ್ದಾರೆ ಎನ್ನುತ್ತಿದ್ದಳು. ನಾನು ಉರುಳಿ ಬರುವ ನಿಂಬೆಹಣ್ಣು ಹಿಡಿಯುವವಳು. ನೆಲ ಎತ್ತ ಇಳಿದಿದೆ ಎಂದು ನೋಡಲು ಅಪ್ಪ ನಿಂಬೆಹಣ್ಣು ಬಿಡುತ್ತಿದ್ದ, ಅದು ಹೋಗಿ ನಿಂತ ಮೂಲೆಯಲ್ಲಿ ಅಕ್ಕ ಕಾಸಿನಿಂದ ನೆಲ ತಟ್ಟಿ, ಟೊಳ್ಳು ಎಂದರೆ ಟೊಳ್ಳೇ. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಸುಣ್ಣದ ವಾಸನೆ ಬರುತ್ತದೆ. ಅಕ್ಕನನ್ನು ಇದೇ ಊರಿನ ಈರಣ್ಣನಿಗೆ ಕೊಟ್ಟರು. ಬಸ್ ಸ್ಟ್ಯಾಂಡಿನ ಈಚೆ ಅವಳ ಮನೆ, ಆಚೆ ನಮ್ಮ ಮನೆ. ನಡೆದರೆ ಹತ್ತು ನಿಮಿಷ. ದೂರ ಕೊಡಲಿಲ್ಲವಲ್ಲ, ಕಣ್ಣೆದುರೇ ಇದ್ದಾಳಲ್ಲ ಎಂದು ಅವ್ವ ಖುಷಿಪಟ್ಟಿದ್ದೇ ಪಟ್ಟಿದ್ದು.

ಅಪ್ಪ ತೀರಿಕೊಂಡ ಮೂರು ತಿಂಗಳಿಗೆ ಈರಣ್ಣ ಭಾವ ಮನೆ ಮಾರಿ ಮಿಲ್ಲಿನ ಹತ್ತಿರ ಬೇರೆ ಮನೆ ಕೊಳ್ಳುತ್ತೇನೆಂದು ಹೊರಟ. ಕೊಳ್ಳುವವರು ಜವಳಿ ಅಂಗಡಿಯವರು. ಹೆಂಗಸು ಮನೆ ನೋಡುವುದುಂಟೇ, ತೊಲೆ ಹತ್ತುವುದುಂಟೇ ಎಂದು ಊರೆಲ್ಲ ಮೂಗು ಮುರಿಯುತ್ತಿದ್ದ ಕಾಲ ಅದು. ಭಾವನೇ ನನ್ನನ್ನು ಕರೆಸಿದ, ನಮ್ಮ ಹುಡುಗಿಯೇ ಶುರು ಮಾಡಲಿ ಎಂದು. ಅದು ನನ್ನ ಮೊದಲ ಮನೆ. ಎಲ್ಲವನ್ನೂ ನೋಡಿದೆ. ಜಂತೆ ಬಡಿದೆ, ಬಾವಿಗೆ ಇಳಿದೆ, ಹೆಂಚಿನ ಮೇಲೆ ಕೊಡಗಟ್ಟಲೆ ನೀರು ಸುರಿದೆ. ಕೊನೆಗೆ ದಿಕ್ಕು ಹಿಡಿಯುವುದು ಉಳಿಯಿತು. ಅದಕ್ಕೆ ಹಿಂಬಾಗಿಲಿನ ನಡುವಿನಿಂದ ಮುಂಬಾಗಿಲಿನ ನಡುವಿಗೆ ದಾರ ಎಳೆದು ಕಟ್ಟಬೇಕು. ಹಿಂಬಾಗಿಲಿಗೆ ನೋಡಿದರೆ ನಲವತ್ತು ಮೂಟೆ ಭತ್ತ ಒಟ್ಟಿದ್ದಾರೆ. ಜವಳಿಯವರು ಅಂಗಳದಲ್ಲಿ ಕೂತು ಗಡಿಯಾರ ನೋಡುತ್ತಿದ್ದಾರೆ. ಮೂಟೆ ಎತ್ತಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹಿಂಬಾಗಿಲು ಬಿಟ್ಟು ಮುಂಬಾಗಿಲಿನ ಚೌಕಟ್ಟಿಗೇ ಮೂಲೆಮಟ್ಟ ಹಿಡಿದು, ಅದು ತೋರಿಸಿದ ನೇರವನ್ನೇ ಬರೆದುಕೊಂಡೆ. ಹೊಸ್ತಿಲ ಮೇಲೆ ನಿಂತು ಓದಿದೆ: ಈ ಮನೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಿದೆ.

ನಮ್ಮೂರಲ್ಲಿ ಮನೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಿದೆ ಎಂದರೆ ಏನರ್ಥ ಎಂದು ಹಾಲುಗಲ್ಲದ ಮಗುವಿಗೂ ಗೊತ್ತು. ಒಳಗಿರುವವರಲ್ಲಿ ಯಾರಿಗೋ ಬಿಟ್ಟು ಓಡಿಹೋಗುವ ಮನಸ್ಸಿದೆ ಎಂದು. ಆ ಮನೆಯಲ್ಲಿದ್ದವರು ಇಬ್ಬರೇ. ಭಾವನಿಗೆ ಮಿಲ್ಲು, ಇಸ್ಪೀಟು, ಗೆಳೆಯರು ಎಲ್ಲ ಇಲ್ಲೇ. ಉಳಿದವಳು ಯಾರು? ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಜವಳಿಯವರು ಮದುವೆಯಾಗಬೇಕಾದ ಮಗನಿದ್ದಾನೆ, ಇಂಥ ಮನೆಗೆ ಸೊಸೆ ತಂದರೆ ನಿಲ್ಲುತ್ತಾಳೆಯೇ ಎಂದು ಎದ್ದುಹೋದರು. ಅಕ್ಕ ಕಂಬ ಹಿಡಿದು ನಿಂತಿದ್ದವಳು ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಮಾರನೆಯ ದಿನ ಮಾತಾಡಿಸಲು ಹೋದರೆ ಬಾಗಿಲು ತೆಗೆಯಲಿಲ್ಲ. ನನಗೂ ಸಿಟ್ಟು ಬಂತು. ಕಂಡದ್ದನ್ನು ಓದಿದೆ, ಅಪ್ಪನ ಕಸುಬು ಅದು, ಅಕ್ಕ ಎಂದು ಸುಳ್ಳು ಓದಲೇ? ಅದಕ್ಕಿಂತ ಹೆಚ್ಚಾಗಿ ನೋವಾಯಿತು. ಓಡಿಹೋಗುವಷ್ಟು ಕಷ್ಟ ಇದ್ದವಳು ನನಗೊಂದು ಮಾತು ಹೇಳಲಿಲ್ಲವಲ್ಲ, ನನ್ನನ್ನೂ ಬಿಟ್ಟು ಹೋಗುವ ಮನಸ್ಸು ಮಾಡಿದಳಲ್ಲ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿಂದ ಹತ್ತೊಂಬತ್ತು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಸಂತೆಯಲ್ಲಿ ಎದುರಾದರೆ ಅವಳು ಸೊಪ್ಪು ನೋಡುತ್ತಿದ್ದಳು, ನಾನು ಬದನೆಕಾಯಿ ನೋಡುತ್ತಿದ್ದೆ. ಅವ್ವ ಸತ್ತಾಗಲೂ ಇಬ್ಬರೂ ಒಂದೊಂದು ಗೋಡೆಗೆ ಒರಗಿ ಅತ್ತೆವು.

ಆ ಮನೆ ಮಾತ್ರ ಹಿಡಿದುಕೊಂಡಿತು. ಒಂದು ಬೆರಳೂ ಅಲ್ಲಾಡಲಿಲ್ಲ. ನೋಡಿದಿರಾ, ಇನ್ನೂ ಬಸ್ಸಿನ ಆಸೆ ಬಿಟ್ಟಿಲ್ಲ ಹೊನ್ನಮ್ಮ ಎಂದು ಜನ ಆಡಿಕೊಳ್ಳುತ್ತಿದ್ದರು. ಭಾವ ತೀರಿಕೊಂಡು ಎರಡು ವರ್ಷವಾದ ಮೇಲೆ ಸುದ್ದಿ ಬಂತು: ಹೊನ್ನಮ್ಮ ಮನೆ ಮಾರುತ್ತಾಳಂತೆ, ಬಂದರಿನ ಊರಿನಲ್ಲಿರುವ ನಾದಿನಿಯ ಮನೆಗೆ ಹೋಗಿಬಿಡುತ್ತಾಳಂತೆ, ಮುಂದಿನ ಶುಕ್ರವಾರದ ಬಸ್ಸಿಗೆ. ಕೊನೆಗೂ ಹೊರಟಳು ನೋಡು ಎಂದರು ಊರವರು. ಕೊಳ್ಳುವವಳು ದಾಕ್ಷಾಯಿಣಿ. ಬಟ್ಟೆ ಹೊಲಿಯುವವಳು, ಗಂಡ ಗುರುಪಾದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಅವನ ಅಭ್ಯಾಸದ ಕಾಟಕ್ಕೆ ಅವರನ್ನು ಏಳು ಬಾಡಿಗೆ ಮನೆಯಿಂದ ಬಿಡಿಸಿದ್ದರು. ಸ್ವಂತದ್ದೊಂದು ಗೂಡಿದ್ದರೆ ಸಾಕು ತಾಯಕ್ಕ, ನಮ್ಮ ಮನೆಯಲ್ಲಿ ನಾವು ಊದಿಕೊಳ್ಳುತ್ತೇವೆ ಎನ್ನುತ್ತಾ ಆ ಹುಡುಗಿ ನನ್ನ ಮನೆ ಬಾಗಿಲಿಗೆ ಬಂದಳು. ಬುಧವಾರ ಬಂದು ನೋಡಿಕೊಡಬೇಕು ಎಂದಳು. ಊರಲ್ಲಿ ಮನೆ ನೋಡುವವಳು ನಾನೊಬ್ಬಳೇ. ಆಗುವುದಿಲ್ಲ ಎನ್ನುವುದು ಹೇಗೆ? ನಿಜ ಹೇಳುತ್ತೇನೆ, ಅಕ್ಕ ಹೋದರೆ ಹೋಗಲಿ, ಪೀಡೆ ಕಳೆಯಿತು ಎಂದು ಬಾಯಲ್ಲಿ ಅಂದುಕೊಂಡೆ. ಆ ರಾತ್ರಿ ಉಣ್ಣದೆ ತಟ್ಟೆ ಸರಿಸಿ ಎದ್ದೆ. ಶುಕ್ರವಾರ ಬಸ್ಸು ಹೊರಟರೆ ಮುಗಿಯಿತು, ಇನ್ನು ಸಂತೆಯಲ್ಲೂ ಕಾಣುವುದಿಲ್ಲ.

ಬುಧವಾರ ಬೆಳಗ್ಗೆ ಹೋದೆ. ಹತ್ತೊಂಬತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದೆ. ಅಕ್ಕ ನಡುಮನೆಯಲ್ಲೇ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಅವಳತ್ತ ನೋಡದೆ, ದಾಕ್ಷಾಯಿಣಿ, ಅಟ್ಟದ ಏಣಿ ಎಲ್ಲಿದೆ ಕೇಳು ಎಂದೆ. ಮೂರಡಿ ದೂರದಲ್ಲಿದ್ದ ಅಕ್ಕ, ದಾಕ್ಷಾಯಿಣಿ, ಬಚ್ಚಲ ಹಿಂದೆ ಇದೆ ಅಂತ ಹೇಳು ಎಂದಳು. ಆ ಹುಡುಗಿ ಪಾಪ, ದೇವರ ಮುಂದಿನ ಗಂಟೆಯ ಹಾಗೆ ಅತ್ತ ಒಂದು ಸಲ ಇತ್ತ ಒಂದು ಸಲ ಹೊರಳಿ ಹೇಳಿದ್ದನ್ನೇ ಹೇಳಿದಳು. ಗುರುಪಾದ ನಗು ತಡೆಯಲಾರದೆ ಅಂಗಳಕ್ಕೆ ಓಡಿದ.

ಮನೆ ಅಚ್ಚುಕಟ್ಟಾಗಿತ್ತು, ಅದನ್ನು ಹೇಳಲೇಬೇಕು. ತೊಲೆಯ ಬುಡಗಳಿಗೆ ಗೇರೆಣ್ಣೆ ಬಳಿದಿದ್ದಳು, ಒಂದು ಗೆದ್ದಲು ಹುಳ ಇರಲಿಲ್ಲ. ಹೆಂಚು ಒಡೆದ ಕಡೆ ಆಗಲೇ ಹೊಸದು ಕೂತಿತ್ತು. ಗೋಡೆಗೆ ಹೊಸ ಸುಣ್ಣ ಬಳಿದಿರಲಿಲ್ಲ; ಮಾರುವವರು ಯಾರೂ ಹಾಗೆ ಬಿಡುವುದಿಲ್ಲ, ತೇವ ಇದ್ದರೆ ಕಾಣಲಿ ಎಂದು ಬೇಕೆಂದೇ ಬಿಟ್ಟಿದ್ದಳು. ಬಚ್ಚಲಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಸ್ವಲ್ಪ ತೇವವಿತ್ತು, ಬರೆದುಕೊಂಡೆ. ಮಲಗುವ ಕೋಣೆಯ ಗೋಡೆಯಲ್ಲಿ ಒಂದು ಗೂಡು, ಅದಕ್ಕೆ ಬಾಗಿಲು, ಬಾಗಿಲಿಗೆ ಬೀಗ. ಗೂಡಿನ ಹಿಂಬದಿ ತೆಳ್ಳಗಿರುತ್ತದೆ, ಬಿರುಕು ಬಿಡುವುದು ಅಲ್ಲೇ ಮೊದಲು, ತೆಗೆಸದೆ ಬಿಡುವ ಹಾಗಿಲ್ಲ. ದಾಕ್ಷಾಯಿಣಿ ಬೀಗದ ಕೈ ಕೇಳಿದಳು. ಅಕ್ಕ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಒಳಗೆ ಒಂದು ಜೊತೆ ಹೆಂಗಸರ ಚಪ್ಪಲಿ ಇತ್ತು. ಅಷ್ಟೇ. ಸವೆದದ್ದಲ್ಲ, ಇಟ್ಟಲ್ಲೇ ಒಣಗಿ ಅಟ್ಟೆ ಬಿರಿದಿತ್ತು.

ಅದರ ವಿಷಯ ಗೊತ್ತಾದದ್ದು ಪಕ್ಕದ ಮನೆಯಲ್ಲಿ. ಮನೆ ನೋಡುವಾಗ ನೆರೆಯವರನ್ನು ಮಾತಾಡಿಸದೆ ಬರಬಾರದು, ಗೋಡೆ ಹೇಳದ್ದನ್ನು ನೆರೆಯವರು ಹೇಳುತ್ತಾರೆ. ಆ ಅಜ್ಜಿ ಬಾವಿಯಲ್ಲಿ ಬೇಸಗೆಗೂ ನೀರಿರುತ್ತದೆ, ಮೋರಿ ಕಟ್ಟಿಕೊಳ್ಳುವುದಿಲ್ಲ ಎಂದೆಲ್ಲ ಹೇಳಿ, ದನಿ ತಗ್ಗಿಸಿ ಈರಣ್ಣನ ಮಾತೆತ್ತಿದಳು. ನೀನು ಓದಿದ ದಿನದಿಂದ ಅವನು ಕೆಲಸಕ್ಕೆ ಹೊರಡುವ ಮುಂಚೆ ಹೆಂಡತಿಯ ಚಪ್ಪಲಿಯನ್ನು ಗೂಡಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದ ಕಣವ್ವ, ಸಂತೆಗೂ ಅವಳು ಬರಿಗಾಲಲ್ಲೇ ಬರುತ್ತಿದ್ದಳು, ನೀನು ನೋಡಿಲ್ಲವೇ ಎಂದಳು. ನಾನು ನೋಡಿರಲಿಲ್ಲ. ಬದನೆಕಾಯಿ ನೋಡುತ್ತಿದ್ದೆನಲ್ಲ. ಆ ಅಜ್ಜಿಯ ಜಗಲಿಯ ಮೇಲೆ ಕೂತುಬಿಟ್ಟೆ. ಭಾವ ಸತ್ತ ಮೇಲೂ ಅಕ್ಕ ಆ ಬೀಗ ತೆಗೆದಿರಲಿಲ್ಲ, ತೆಗೆಸಿದ್ದು ನಾನು.

ಮಧ್ಯಾಹ್ನದ ಮೇಲೆ ದಿಕ್ಕು ಹಿಡಿಯಬೇಕಾಗಿತ್ತು. ಈ ಸಲ ಹಿಂಬಾಗಿಲಿಗೆ ಏನೂ ಅಡ್ಡವಿರಲಿಲ್ಲ, ಹಾರುಹೊಡೆದಿತ್ತು. ಗುರುಪಾದ ಆ ತುದಿ ಹಿಡಿದ, ನಾನು ಈ ತುದಿ. ದಾರ ಎಳೆದು ಬಿಗಿದೆ. ದಾರ ಹೋಗುವ ದಾರಿ ಬೇರೆ, ಚೌಕಟ್ಟು ತೋರಿಸುವ ದಾರಿ ಬೇರೆ. ಬಿಸಿಲು ತಾಕುವ ಚೌಕಟ್ಟು ಸೊಟ್ಟಗಾಗುತ್ತದೆ, ಅದನ್ನು ನಂಬಬೇಡ ಎಂದು ಅಪ್ಪ ನೂರು ಸಲ ಹೇಳಿದ್ದ. ಹೊಸ್ತಿಲಲ್ಲಿ ಎರಡು ಬೆರಳಿನ ತಪ್ಪು ಎಂದರೆ ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ಹತ್ತಿಪ್ಪತ್ತು ಮಾರಿನ ತಪ್ಪು. ದಾರದ ನೇರಕ್ಕೆ ಮಾಡಿನ ಮೇಲೆ ಎರಡು ಬಿದಿರು ಕೋಲು ನಿಲ್ಲಿಸಿ, ಏಣಿ ಹತ್ತಿ, ಹಿಂದಿನ ಕೋಲಿಗೆ ಕಣ್ಣು ಹಚ್ಚಿ ನೋಡಿದೆ. ಎದುರಿಗೆ ಬಸ್ ಸ್ಟ್ಯಾಂಡಿನ ತಗಡಿನ ಮಾಡು ಇತ್ತು. ಕೋಲಿನ ನೇರ ಅದಕ್ಕೆ ತಾಕದೆ ಪಕ್ಕದಲ್ಲೇ ಹಾದು ಆಚೆ ಹೋಗುತ್ತಿತ್ತು. ಆಚೆ ಒಂದು ತಾರಸಿ. ತಾರಸಿಯ ಮೇಲೆ ಬೆಳಗ್ಗೆ ನಾನೇ ಒಣಗಲು ಹಾಕಿ ಬಂದಿದ್ದ ನನ್ನ ನೀಲಿ ಸೀರೆ.

ಇಪ್ಪತ್ತು ಸಲ ನೋಡಿರಬೇಕು. ಕೋಲು ಕಿತ್ತು ಮತ್ತೆ ನೆಟ್ಟೆ. ಸೀರೆ ಅಲ್ಲೇ ಇತ್ತು. ಅಕ್ಕನ ಮನೆ ನೋಡುತ್ತಿದ್ದದ್ದು ಬಸ್ಸನ್ನಲ್ಲ, ನಮ್ಮ ಮನೆಯನ್ನು. ಅವಳ ತವರನ್ನು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಹತ್ತು ನಿಮಿಷದ ದಾರಿಯ ತವರಿಗೆ ಯಾರಾದರೂ ಹಂಬಲಿಸುತ್ತಾರೆಯೇ ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯಬೇಕಿತ್ತು. ಮಾಡಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಕೆಳಗಿನಿಂದ ಗುರುಪಾದ, ಏನಾಯ್ತು ತಾಯಕ್ಕ, ಹೆಂಚು ಸೋರುತ್ತದೆಯೇ ಎಂದು ಕೇಳಿದ.

ಇಳಿದು ಬಂದು ಅಂಗಳದಲ್ಲಿ ಕೂತು ಯೋಚಿಸಿದೆ. ಮತ್ತೆ ಬಸ್ ಸ್ಟ್ಯಾಂಡು ಎಂದು ಓದಿದರೆ ಎಲ್ಲರಿಗೂ ಸುಖ. ಹೊನ್ನಮ್ಮ ಶುಕ್ರವಾರ ಬಸ್ಸು ಹತ್ತುತ್ತಾಳೆ, ಆಸೆ ತೀರುತ್ತದೆ, ಮನೆ ಬಿಡುತ್ತದೆ ಎಂದು ಧೈರ್ಯವಾಗಿ ಆ ಗಂಡಹೆಂಡತಿ ಕೊಳ್ಳುತ್ತಾರೆ. ನನ್ನ ಹೆಸರೂ ಉಳಿಯುತ್ತದೆ. ನಿಜ ಓದಿದರೆ? ಮೊದಲ ಓದೇ ತಪ್ಪು ಎಂದು ಊರಿನೆದುರು ಒಪ್ಪಿಕೊಂಡ ಹಾಗೆ. ಹತ್ತೊಂಬತ್ತು ವರ್ಷ ನಾನು ಓದಿದ ಮನೆಗಳ ಗತಿ ಏನು? ನನ್ನ ಮಾತು ನಂಬಿ ಕೊಂಡವರಿದ್ದಾರೆ, ನನ್ನ ಮಾತು ನಂಬಿ ಬಿಟ್ಟವರಿದ್ದಾರೆ. ಇನ್ನು ಅಕ್ಕ ಬಂದರಿಗೆ ಹೋದರೆ ಈ ಮನೆಯ ಹಂಬಲ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ. ದಾಕ್ಷಾಯಿಣಿಯ ಗೂಡಿನ ಆಸೆಗೂ ಕಲ್ಲು ಬೀಳುತ್ತದೆ. ಅಕ್ಕ ಒಳಗಿನಿಂದ ಬಂದು ಜಗಲಿಯ ಕಂಬ ಹಿಡಿದು ನಿಂತಳು. ಬರಿಗಾಲು. ಹಿಮ್ಮಡಿ ಒಡೆದು ಸೀಳುಸೀಳಾಗಿತ್ತು. ಆ ಕಾಲು ನೋಡಿದ ಮೇಲೆ ನನಗೆ ಯೋಚಿಸುವುದು ಏನೂ ಉಳಿಯಲಿಲ್ಲ.

ಸಂಜೆ ಬೀದಿಯವರೆಲ್ಲ ಬಂದರು. ಅಕ್ಕತಂಗಿಯರ ಜಗಳ ನೋಡಲು ಬಂದವರೇ ಹೆಚ್ಚು. ಹೊಸ್ತಿಲ ಮೇಲೆ ನಿಂತು ತಳಪಾಯ, ಗೋಡೆ, ತೊಲೆ, ಬಚ್ಚಲಿನ ತೇವ, ಬಾವಿಯ ನೀರು ಎಲ್ಲ ಓದಿದೆ. ಕೊನೆಯ ಸಾಲಿಗೆ ಬಂದಾಗ ಕಾಗದ ಮಡಚಿದೆ, ಅದನ್ನು ಓದಲು ಕಾಗದ ಬೇಕಿರಲಿಲ್ಲ.

"ಈ ಮನೆ ನೋಡ್ತಿರೋದು ನನ್ನ ಮನೇನ. ಬಸ್ ಸ್ಟ್ಯಾಂಡಲ್ಲ. ಆವತ್ತು ಹಿಂಬಾಗಿಲು ತೆಗೆಸದೇನೆ ಬರೀ ಚೌಕಟ್ಟು ನೋಡಿ ಓದ್ಬಿಟ್ಟೆ. ತಪ್ಪು ನಂದು. ಹೊನ್ನಕ್ಕ ಯಾವತ್ತೂ ಓಡೋಗೋಕೆ ನೋಡಿದವಳಲ್ಲ."

ಅಂಗಳದಲ್ಲಿ ಗುಸುಗುಸು ಶುರುವಾಯಿತು. ಹಾಗಾದರೆ ನಮ್ಮನೆ ಅಳತೆ ಎಂದು ಯಾರೋ ಕೇಳಿದರು, ನಮ್ಮದೂ ಎಂದು ಇನ್ಯಾರೋ. ನನಗೆ ಅವರ ಕಡೆ ಗಮನವಿರಲಿಲ್ಲ. ಅಕ್ಕನ ಕಾಲ ಹತ್ತಿರ ಹೋಗಿ ಕೂತೆ. ಅವಳು ಬೈಯಲಿ, ಒದೆಯಲಿ, ಏನಾದರೂ ಮಾಡಲಿ ಎಂದು ಕೂತೆ. ಅವಳು ಬಾಯಿ ತೆರೆದಳು. ದಾಕ್ಷಾಯಿಣಿಗಲ್ಲ, ನನಗೇ ಹೇಳಿದಳು.

"ನಂಗೊತ್ತಿತ್ತು ಕಣೇ ಪುಟ್ಟಿ. ಮಾರನೇ ದಿನಾನೇ ಮೂಟೆ ಎತ್ತಿಸಿ ದಾರ ಹಿಡಿದು ನೋಡಿದ್ದೆ."

ಗೊತ್ತಿದ್ದೂ ಏಕೆ ಹೇಳಲಿಲ್ಲ, ಭಾವನಿಗಾದರೂ ಹೇಳಬಾರದಿತ್ತೇ, ಬರಿಗಾಲಲ್ಲಿ ತಿರುಗುವುದಕ್ಕಿಂತ ಒಂದು ಮಾತು ಹೇಳಬಾರದಿತ್ತೇ ಎಂದು ಅವಳ ಮೊಣಕಾಲು ಹಿಡಿದು ಅಲ್ಲಾಡಿಸಿದೆ.

"ಅದು ನಿನ್ನ ಮೊದಲ್ನೇ ಓದು. ಮೊದಲ್ನೇದೇ ತಪ್ಪು ಅಂತ ಅಂದಿದ್ರೆ ಆಮೇಲೆ ಯಾರು ಕರೀತಿದ್ರು ನಿನ್ನ? ಅಪ್ಪನ ಕೆಲಸ ಹೋಗ್ತಿತ್ತು. ನೀನಾಗೇ ಒಂದಿನ ಬಂದು ಸರಿಯಾಗಿ ನೋಡ್ತೀಯ ಅಂತ ಕಾದೆ. ನೀನು ಬರಲೇ ಇಲ್ಲ. ಅದಕ್ಕೆ ಸಿಟ್ಟು ನಂಗೆ."

ಆವತ್ತು ಬಾಗಿಲು ತಟ್ಟಿದ್ದೆನಲ್ಲ ಎನ್ನಲೇ? ಒಂದು ಸಲ ತಟ್ಟಿ ವಾಪಸು ಬಂದಿದ್ದೆ, ಅಷ್ಟೇ. ಮನೆ ಹಿಡಿದ ಹಾಗೆ ನಾನೂ ಹಿಡಿದುಕೊಂಡಿದ್ದೆ. ಅವಳ ಒಡೆದ ಹಿಮ್ಮಡಿಯ ಮೇಲೆ ತಲೆ ಇಟ್ಟು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಜಗಳ ನೋಡಲು ಬಂದವರು ಒಬ್ಬೊಬ್ಬರೇ ಕರಗಿದರು.

ಗುರುಪಾದ ಈ ಮನೆ ಬೇಡ ಎಂದ. ದಾಕ್ಷಾಯಿಣಿ ಗಟ್ಟಿಗಿತ್ತಿ. ಹಂಬಲ ತವರಿನದು ತಾನೇ, ಹೊನ್ನಮ್ಮನವರು ಒಂದು ತಿಂಗಳು ತಾಯಕ್ಕನ ಮನೆಯಲ್ಲಿದ್ದು ನೋಡಲಿ, ಆಮೇಲೆ ಮಾತಾಡೋಣ ಎಂದಳು. ಅಕ್ಕ ಟ್ರಂಕು ಹಿಡಿದು ನನ್ನ ಮನೆಗೆ ಬಂದಳು. ಶುಕ್ರವಾರದ ಬಸ್ಸು ಅವಳನ್ನು ಬಿಟ್ಟು ಹೋಯಿತು. ಇಪ್ಪತ್ತಮೂರನೆಯ ದಿನ ಗುರುಪಾದ ಓಡೋಡಿ ಬಂದ: ಗುರುತಿಗೆಂದು ಹೊಸ್ತಿಲ ಹತ್ತಿರ ನೆಟ್ಟಿದ್ದ ಗೂಟಕ್ಕೂ ಗೋಡೆಗೂ ನಡುವೆ ಒಂದು ಬೆರಳು ಹೋಗುತ್ತದೆ, ಮನೆ ಅಲ್ಲಾಡಿದೆ ಎಂದು. ಅವರು ಕೊಂಡರು. ಆ ಮನೆ ಈಗ ಯಾವುದೋ ಕಲ್ಯಾಣಮಂಟಪದ ಕಡೆ ಹೊರಳುತ್ತಿದೆ ಎಂದು ಕೇಳಿದ್ದೇನೆ. ಆದರೆ ಅಕ್ಕ ನಾದಿನಿಗೆ ಮಾತು ಕೊಟ್ಟಿದ್ದಳು. ಮಾತು ಎಂದರೆ ಮಾತೇ ಅವಳಿಗೆ. ಸ್ವಲ್ಪ ದಿನ ಇದ್ದು ಹೋಗ್ತೀನಿ ಕಣೇ ಎನ್ನುತ್ತಿದ್ದಳು. ನಾನು ಇರು ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಹಕ್ಕು ನನಗೆಲ್ಲಿತ್ತು?

ಅಷ್ಟರಲ್ಲಿ ಊರಿನ ಹಿರಿಯರು ಕರೆಸಿದರು. ಹತ್ತೊಂಬತ್ತು ವರ್ಷದಲ್ಲಿ ನೀನು ಓದಿದ ಮನೆಗಳನ್ನೆಲ್ಲ ಮತ್ತೆ ಅಳೆಯಬೇಕು, ಹಿಂಬಾಗಿಲು ತೆಗೆಸಿ ಅಳೆಯಬೇಕು, ಅಲ್ಲಿಯ ತನಕ ಹೊಸ ಮನೆ ನೋಡುವಂತಿಲ್ಲ ಎಂದರು. ನ್ಯಾಯವೇ ಅದು. ನೂರ ಹದಿನಾರು ಮನೆ. ದಾರಕ್ಕೆ ಎರಡು ತುದಿ, ಇನ್ನೊಂದು ತುದಿ ಹಿಡಿಯಲು ಜನ ಬೇಕು. ತಪ್ಪು ಓದಿದವಳ ಜೊತೆ ಯಾರು ಬರುತ್ತಾರೆ? ಅಕ್ಕ ಸೆರಗು ಬಿಗಿದಳು. ನಿನ್ನ ಅಳತೆ ಮುಗಿಯುವ ತನಕ ಇರುತ್ತೇನೆ, ಮುಗಿದ ಮಾರನೆಯ ದಿನ ಬಸ್ಸು ಹತ್ತುತ್ತೇನೆ ಎಂದಳು. ನಾನು ಅವಳಿಗೆ ಹೊಸ ಚಪ್ಪಲಿ ತಂದೆ. ಮೊದಲೆರಡು ದಿನ ಅದು ಅವಳ ಕಾಲಿಗೆ ಒಗ್ಗದೆ ಕೈಯಲ್ಲಿ ಹಿಡಿದುಕೊಂಡೇ ನಡೆದಳು.

ಅಯ್ಯೋ, ಆ ದಿನಗಳು! ನನ್ನ ಆಯುಸ್ಸಿನಲ್ಲಿ ಅಂಥ ಸುಖ ನಾನು ಉಂಡಿಲ್ಲ. ಊರಿಗೆ ಅದು ಶಿಕ್ಷೆ, ನಮಗೆ ಹಬ್ಬ. ದಿನಕ್ಕೊಂದು ಮನೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವುದು, ಹಿಂಬಾಗಿಲಿಗೆ ಅಡ್ಡವಿದ್ದ ಮೂಟೆ, ತೊಟ್ಟಿಲು, ಹೊಲಿಗೆ ಮಿಷನ್ನು, ಮಲಗಿದ್ದ ಅಜ್ಜಂದಿರನ್ನೆಲ್ಲ ಎಬ್ಬಿಸಿ ಸರಿಸುವುದು. ಹಿಂದಿನಿಂದ ಅವಳು ಬಿಗಿ ಹಿಡಿ ಎಂದು ಕೂಗುವುದು, ಮುಂದಿನಿಂದ ನಾನು ಹಿಡಿದಿದೀನಿ ಕಣೇ ಎಂದು ರೇಗುವುದು. ಅವಳ ಕಣ್ಣು ಹಾಗೇ ಇತ್ತು. ದಾರ ಕಟ್ಟುವ ಮೊದಲೇ ಇವರ ಮನೆ ಆಟದ ಮೈದಾನ ನೋಡುತ್ತಿದೆ, ಇವರದು ಪೋಸ್ಟಾಫೀಸು ನೋಡುತ್ತಿದೆ ಎನ್ನುತ್ತಿದ್ದಳು. ಮಧ್ಯಾಹ್ನ ಯಾವುದಾದರೂ ಬಾವಿಕಟ್ಟೆಯ ಮೇಲೆ ಕೂತು ಉಂಡು, ಹತ್ತೊಂಬತ್ತು ವರ್ಷದ ಮಾತು ಆಡುತ್ತಿದ್ದೆವು. ಎಷ್ಟು ಆಡಿದರೂ ಮುಗಿಯುತ್ತಿರಲಿಲ್ಲ. ಓದಿದ ಮೇಲೆ ಹೊರಳಿದ್ದನ್ನು ಲೆಕ್ಕ ಕಳೆದು ನೋಡಿದರೆ ಒಂದೊಂದೇ ಮನೆ ಸರಿ ಬಂತು. ಅಕ್ಕನ ಮನೆಯೊಂದನ್ನು ಬಿಟ್ಟು ನಾನು ಎಲ್ಲೂ ತಪ್ಪಿರಲಿಲ್ಲ. ಪ್ರತಿ ಸಲ ಸರಿ ಎಂದಾಗ ಊರಿನಲ್ಲಿ ನನ್ನ ಹೆಸರು ಒಂದಿಷ್ಟು ಮೇಲೆ ಬರುತ್ತಿತ್ತು, ನಾನು ಮಾತ್ರ ಇನ್ನೊಂದು ಮನೆ ಕಡಿಮೆಯಾಯಿತಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ನೂರ ಹದಿನಾರನೆಯದು ಬಳೆ ಮಾರುವ ಮಾದೇವಮ್ಮನ ಮನೆ. ಸಣ್ಣ ಮನೆ, ಹಿಂಬಾಗಿಲಿಗೆ ಏನೂ ಅಡ್ಡವಿಲ್ಲ. ಅಕ್ಕನ ಟ್ರಂಕು ಹಿಂದಿನ ದಿನವೇ ಸಿದ್ಧವಾಗಿ ನಡುಮನೆಯಲ್ಲಿ ಕೂತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ದಾರ ಹಿಡಿದೆವು. ಅವಳು ಹಿಂಬಾಗಿಲಲ್ಲಿ, ನಾನು ಮುಂಬಾಗಿಲಲ್ಲಿ. ಮಾದೇವಮ್ಮ ನಡುವೆ ನಿಂತು, ಸರಿಯಿದೆಯೇನ್ರವ್ವಾ ಎಂದು ಕೇಳುತ್ತಿದ್ದಾಳೆ. ಸರಿ ಎಂದುಬಿಟ್ಟರೆ ಆಯಿತು, ನಾಳೆ ಬಸ್ಸು. ಅಪ್ಪ ನೋಡಿದ್ದರೆ ಕೈ ಮೇಲೆ ಹೊಡೆಯುತ್ತಿದ್ದನೇನೋ. ನಾನು ನನ್ನ ತುದಿಯ ದಾರವನ್ನು ಮೆಲ್ಲಗೆ ಸಡಿಲ ಬಿಟ್ಟೆ. ಬೇಕೆಂದೇ ಬಿಟ್ಟೆ. ನಡುಮನೆಯಲ್ಲಿ ದಾರ ಜೋತುಬಿತ್ತು. ಅಕ್ಕನ ಕಣ್ಣಿಗೆ ಬೀಳದೆ ಇರುವುದೇ? ದಾರ ನೋಡಿದಳು. ಆಮೇಲೆ ಅವಳ ನೋಟ ದಾರದುದ್ದಕ್ಕೂ ಬಂದು ನನ್ನ ಮುಖದ ಮೇಲೆ ನಿಂತಿತು. ನಾನು ತಲೆ ತಗ್ಗಿಸಿದೆ. ಅವಳು ತನ್ನ ತುದಿಯನ್ನೂ ಸಡಿಲಿಸಿ, ದಾರವನ್ನು ಉಂಡೆ ಸುತ್ತತೊಡಗಿದಳು.

"ಇವತ್ತು ಸರಿ ಬರ್ತಿಲ್ಲ ಕಣೆ ಮಾದೇವಮ್ಮ," ಎಂದಳು. "ನಾಳೆ ಇನ್ನೊಂದ್ಸಲ ಬರ್ತೀವಿ."